ಆಮೆರಾಯನ ಕತ್ತು

ಆಮೆರಾಯನ ಕತ್ತು ಹಿಡಿದುಕೊಂಡದ್ದು ಜಿರಾಫೆಯಿಂದ. ಮೃಗಾಲಯದಲ್ಲಿ ಎಷ್ಟೋ ವರ್ಷ ಆಮೆಗಳನ್ನು ನೋಡಿಕೊಂಡು, ತಲೆ ತಗ್ಗಿಸಿಯೇ ಬದುಕಿದ್ದ ಆ ಗಿಡ್ಡ ಮನುಷ್ಯನನ್ನು ಹೋದ ತಿಂಗಳು ಜಿರಾಫೆ ಮನೆಗೆ ಹಾಕಿದ್ದರು. ದಿನವೂ ಮುಖ ಮೇಲೆತ್ತಿ ಸೊಪ್ಪು ಕಟ್ಟಿ ಕಟ್ಟಿ, ಅವನ ಕತ್ತು ತುಕ್ಕು ಹಿಡಿದ ನಲ್ಲಿಯಂತೆ ಅತ್ತಲೂ ತಿರುಗದು, ಇತ್ತಲೂ ತಿರುಗದು.

"ನಿನ್ನ ಕತ್ತಲ್ಲೂ ಏಳೇ ಮೂಳೆ, ಅದರ ಕತ್ತಲ್ಲೂ ಏಳೇ ಮೂಳೆ. ಅದು ಒಂದಿನ ಆದ್ರೂ ಬಂದು ದೂರು ಹೇಳಿದೆಯಾ?" ಎಂದರು ಡಾಕ್ಟರಮ್ಮ. ಮೃಗಾಲಯಕ್ಕೆಲ್ಲ ಅವರದೇ ಕೊನೆಯ ಮಾತು.

"ಅದಕ್ಕೆ ಮೇಲೆ ನೋಡೋ ಕೆಲಸ ಎಲ್ಲಿದೆ ಅಮ್ಮಾ? ಎಲ್ಲಾ ಅದರ ಕೆಳಗೇ ಇದೆ."

ಡಾಕ್ಟರಮ್ಮ ನಕ್ಕುಬಿಟ್ಟರು. "ಸರಿ, ಕತ್ತು ಮೇಲೇಳದವನನ್ನ ಇಲ್ಲಿಟ್ಕೊಂಡು ಏನ್ಮಾಡ್ಲಿ? ನಾಳೆಯಿಂದ ಆಮೆ ಮನೆಗೇ ಹೋಗು. ಇವತ್ತೊಂದಿನ ಜಿರಾಫೆ ಮೇಲೆ ಕಣ್ಣಿಟ್ಟಿರು. ತುಂಬಿದ ಬಸುರಿ ಅದು."

ಆಮೆರಾಯನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಆ ಮೂರು ಗೇಣಿನ ನಡುವೆ ಬಂದು ನಿಂತವನು ಪಕ್ಕದ ಕೋತಿಮನೆಯವನು.

"ಜಿರಾಫೆ ನಿಂತ್ಕೊಂಡೇ ಹೆರೋದು, ಗೊತ್ತೇನೋ? ಮರಿ ಆಳೆತ್ತರದಿಂದ ದೊಪ್ಪಂತ ಬೀಳುತ್ತೆ!"

"ಅಯ್ಯೋ! ಪೆಟ್ಟಾದ್ರೆ?"

"ಪೆಟ್ಟು ಅದಕ್ಕೆ, ತಪ್ಪು ನಿನಗೆ. ಆಮೆ ಮನೆ ಕನಸಿಗೆ ಎಳ್ಳುನೀರು ಬಿಡು."

ಆಮೆರಾಯ ಹಿಂದಿನ ಬೀದಿಯ ತನ್ನ ಮನೆಗೆ ಓಡಿದ. ಮನೆಯಲ್ಲಿದ್ದ ದಪ್ಪ ಹಾಸಿಗೆ ಒಂದೇ. ಅದರ ಮೇಲೆ ಅತ್ತೆ ಕೂತಿದ್ದರು.

"ಅತ್ತೆ, ಸ್ವಲ್ಪ ಏಳಿ. ಹಾಸಿಗೆ ಬೇಕು."

"ಯಾರಿಗೆ?"

"ಹೆರಿಗೆ ಇದೆ, ಬೇಗ ಏಳಿ!"

"ಯಾರ ಹೆರಿಗೆ? ನನ್ನ ಮಗಳು ಇಲ್ಲೇ ಒಲೆ ಮುಂದೆ ನಿಂತಿದ್ದಾಳಲ್ಲ! ಎಲ್ಲಿ, ಈ ಕಡೆ ತಿರುಗಿ ನನ್ನ ಮುಖ ನೋಡಿ ಹೇಳು!"

"ಕತ್ತು ತಿರುಗಲ್ಲ ಅತ್ತೆ!"

ಕಳ್ಳನಿಗೊಂದು ಪಿಳ್ಳೆ ನೆವ ಎಂದುಕೊಂಡರು ಅತ್ತೆ. ಅಳಿಯ ಹಾಸಿಗೆ ಎಳೆದುಕೊಂಡು ಓಡಿದ. ಅವನ ಹಿಂದೆ ಅತ್ತೆ, ಸೌಟು ಹಿಡಿದ ಹೆಂಡತಿ, ಅವಳ ಹಿಂದೆ ವಿಷಯವೇ ತಿಳಿಯದ ಅರ್ಧ ಬೀದಿ.

ಜಿರಾಫೆಯನ್ನು ಕಂಡಮೇಲೆ ಅತ್ತೆಯ ಸಿಟ್ಟು ಅಳಿಯನ ಗುಟ್ಟಿನಿಂದ ಹಾಸಿಗೆಯ ಮೇಲಕ್ಕೆ ಹಾರಿತು. "ನನ್ನ ಹಾಸಿಗೆ ಈ ಏಣಿಗಾ!"

ಜಿರಾಫೆಗೂ ಅದು ಬೇಕಿರಲಿಲ್ಲ. ಮೊಳದುದ್ದದ ಕಪ್ಪು ನಾಲಿಗೆ ಚಾಚಿ ಹಾಸಿಗೆಯ ರುಚಿ ನೋಡಿ, ಇನ್ನೊಂದು ಮೂಲೆಗೆ ಹೋಗಿ ನಿಂತಿತು. ಆಮೆರಾಯ ಹಾಸಿಗೆಯನ್ನು ಅಲ್ಲಿಗೆ ಎಳೆದ. ಅದು ಮತ್ತೆ ಈ ಮೂಲೆಗೆ ಬಂತು. ಅಷ್ಟರಲ್ಲಿ ಮರಿಯ ಮುಂಗಾಲೆರಡು ಹೊರಗೆ ಕಂಡವು.

"ಹಿಂದೆ ಹೋಗ್ಬೇಡ್ವೋ! ಒದ್ರೆ ಸಿಂಹಾನೇ ಸಾಯುತ್ತೆ!" ಬೇಲಿಯಾಚೆಯಿಂದ ಕೋತಿಮನೆಯವನು ಕೂಗಿದ.

ಆದರೂ ಆಮೆರಾಯ ಹಾಸಿಗೆಯನ್ನು ತಲೆಯ ಮೇಲೆ ಹೊತ್ತು ಅದರ ಹಿಂದೆಯೇ ಓಡಿದ. ಹಾಸುವಷ್ಟು ಸಮಯ ಸಿಗಲಿಲ್ಲ. ಮರಿ ದೊಪ್ಪನೆ ಹಾಸಿಗೆಯ ಮೇಲೆ, ಹಾಸಿಗೆ ಅವನ ಮೇಲೆ, ಅವನು ನೆಲದ ಮೇಲೆ. ಒಳಗೆಲ್ಲೋ 'ಕಟಕ್' ಎಂದಿತು.

ಓಡಿಬಂದ ಡಾಕ್ಟರಮ್ಮ ಕಾಲು ಹಿಡಿದು ಅವನನ್ನು ಈಚೆಗೆಳೆದರು. "ಹಾಸಿಗೆ ಹಾಸು ಅಂತ ಯಾರಪ್ಪಾ ಹೇಳಿದ್ದು? ಆ ಬೀಳೋ ಪೆಟ್ಟಿಗೇ ಅದು ಮೊದಲನೇ ಉಸಿರು ಎಳ್ಕೊಳ್ಳೋದು!"

ಮರಿ ಒಂದು ಸೀನು ಸೀನಿ ಉಸಿರಾಡಿತು. ಆಮೆರಾಯನಿಗೆ ಆಗಲೇ ಇನ್ನೊಂದು ಸಂಗತಿ ಗೊತ್ತಾಯಿತು. ಕತ್ತು ಬೆಣ್ಣೆಯಲ್ಲಿ ಕೂದಲು ಎಳೆದಂತೆ ಸಲೀಸಾಗಿ ಆಡುತ್ತಿದೆ! ಕತ್ತು ಸರಿಯಾದರೆ ಆಮೆ ಮನೆ ಹೋಯಿತು. ತಟ್ಟನೆ ತಲೆ ತಗ್ಗಿಸಿ, "ಅಮ್ಮಾ... ನೋವು ಜಾಸ್ತಿ ಆಯ್ತು," ಎಂದು ನರಳಿದ.

"ಪಾಪ," ಎಂದರು ಡಾಕ್ಟರಮ್ಮ. "ನಾಳೆ ಆಮೆ ಹತ್ರ ಹೋಗಿ ಆರಾಮಾಗಿರು."

ಅವನನ್ನು ಬೇಲಿಯ ಹೊರಗೆ ಕೂರಿಸಿದರು. ಮರಿ ಏಳಲು ನೋಡಿತು. ನಾಲ್ಕು ಕಾಲು ನಾಲ್ಕು ದಿಕ್ಕಿಗೆ ಜಾರಿ ಬಿತ್ತು. ತಾಯಿ ಬಾಗಿ ನೆಕ್ಕಿತು. ಮತ್ತೆ ಎದ್ದಿತು, ಮತ್ತೆ ಬಿತ್ತು. ಅತ್ತೆ ಕೂಡ ಹಾಸಿಗೆ ಮರೆತು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ತಲೆ ತಗ್ಗಿಸಿದ್ದ ಆಮೆರಾಯನಿಗೆ ಕಾಣುತ್ತಿದ್ದದ್ದು ನಡುಗುವ ನಾಲ್ಕು ಗೊರಸು ಮಾತ್ರ. ಅವು ಜಾರಿದವು, ತಡವರಿಸಿದವು, ಕೊನೆಗೊಮ್ಮೆ ಊರಿಕೊಂಡವು.

"ನಿಂತೇಬಿಡ್ತು!" ಎಂದು ಹೆಂಡತಿ ಸೌಟು ಎತ್ತಿದಳು.

ಅವನಿಗೆ ತಡೆಯಲಾಗಲಿಲ್ಲ. ಗೊರಸಿನಿಂದ ಮೊಣಕಾಲಿಗೆ, ಎದೆಗೆ, ಉದ್ದನೆಯ ಕತ್ತಿಗೆ, ಆ ಪುಟ್ಟ ಕೊಂಬಿನವರೆಗೂ ಮುಖವೆತ್ತಿ ನೋಡಿದ. ಅಲ್ಲಿಗೂ ನಿಲ್ಲದೆ ತಾಯಿಯ ತಲೆಯವರೆಗೂ ನೋಡಿ ಬಾಯಿ ತುಂಬ ನಕ್ಕ.

ಕಣ್ಣು ಕೆಳಗಿಳಿಸಿದಾಗ ಎದುರಿಗೆ ಡಾಕ್ಟರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಕತ್ತು ಸೊಗಸಾಗಿ ಏಳ್ತಿದೆಯಲ್ಲಯ್ಯಾ! ನಾಳೆಯಿಂದ ನಿನಗೆ ಒಂದಲ್ಲ, ಎರಡು ಜಿರಾಫೆ."

ಆಮೆರಾಯ ಸರ್ರನೆ ಕತ್ತನ್ನು ಹೆಗಲೊಳಗೆ ಎಳೆದುಕೊಂಡ. ಎಳೆದುಕೊಳ್ಳುವುದನ್ನು ಆಮೆಗಳು ಕಲಿಸಿದ್ದವು. ಚಿಪ್ಪನ್ನು ಮಾತ್ರ ಕೊಟ್ಟಿರಲಿಲ್ಲ.