ಓಣಿಯ ಹೊಗೆಯ ಮೇಲೊಂದು ಅರ್ಜಿ

ಕಿವಿಗೆ ಹಿತವಾಗುವ ವಾಕ್ಯ ಬರೆದಾಗಲೆಲ್ಲ ಈಗೀಗ ನನಗೆ ಅನುಮಾನ ಬರುತ್ತದೆ, ಇದರೊಳಗೆ ಎಲ್ಲೋ ಒಂದು ಸುಳ್ಳು ಸೇರಿಕೊಂಡಿರಬೇಕು ಎಂದು. ಮೊದಲು ಹೀಗಿರಲಿಲ್ಲ. ವಾಕ್ಯದ ನಡಿಗೆ ಸರಿಯಾಗಿದ್ದರೆ ಅದರೊಳಗಿನ ಸಂಗತಿಯೂ ಸರಿಯಾಗಿರುತ್ತದೆ ಎಂದು ನಂಬಿದ್ದವನು ನಾನು. ಶಾಲೆಯಲ್ಲಿ ಮಕ್ಕಳಿಗೂ ಹೆಚ್ಚುಕಡಿಮೆ ಅದನ್ನೇ ಕಲಿಸುತ್ತಿದ್ದೆ. ಆ ನಂಬಿಕೆ ಕಳೆದುಹೋದದ್ದು ಬನಹಟ್ಟಿಯ ನೇಕಾರರ ಓಣಿಯಲ್ಲಿ, ಒಂದು ಚಳಿಗಾಲದ ಮುಂಜಾನೆ, ಹೊಗೆಯ ನಡುವೆ ಒದ್ದೆ ಧೋತರ ಉಟ್ಟು ನಿಂತಿದ್ದಾಗ. ಧೋತರವೇ ಆಗಿತ್ತೇ? ನನ್ನ ಹೆಂಡತಿ ಬರೀ ಟಾವೆಲ್ಲು ಎನ್ನುತ್ತಾಳೆ. ಇರಲಿ, ಮಾನ ಕಾಯುವಷ್ಟು ಬಟ್ಟೆ ಮೈಮೇಲೆ ಇತ್ತು ಎಂಬಲ್ಲಿ ಇಬ್ಬರಿಗೂ ಒಮ್ಮತವಿದೆ.

ಜಮಖಂಡಿ ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಬಂದು ಕೆಲವು ವರ್ಷಗಳಾಗಿದ್ದವು. ನಾನು ಗಲಗಲಿಯವನು, ಕೃಷ್ಣೆಯ ದಂಡೆಯಲ್ಲಿ ಬೆಳೆದವನು. ಮಾಸ್ತರಿಕೆ ಸಿಕ್ಕಿದ ಮೇಲೆ ಬನಹಟ್ಟಿಗೆ ಬಂದು ಆ ಓಣಿಯ ಪಡುವಣ ತುದಿಯಲ್ಲಿ ಮನೆ ಹಿಡಿದಿದ್ದೆ. ಮೂಡಣ ತುದಿಯಲ್ಲಿ ಗುರಪ್ಪಜ್ಜನ ಮನೆ. ದಿನಾ ಬಿಸಿಲೇರುವ ಮೊದಲು ಅಜ್ಜನೂ ಅವನ ಹೆಂಡತಿ ನೀಲವ್ವನೂ ತಮ್ಮ ಬಾಗಿಲಿನಿಂದ ನಮ್ಮ ಬಾಗಿಲವರೆಗೆ ಬೀದಿಯುದ್ದ ಹಾಸು ಬಿಗಿಯುತ್ತಿದ್ದರು. ಹಾಸೆಂದರೆ ಸೀರೆಯ ಉದ್ದನೆಯ ಎಳೆಗಳು. ಮಗ್ಗಕ್ಕೆ ಏರುವ ಮುನ್ನ ಅವುಗಳಿಗೆ ಗಂಜಿ ಹಚ್ಚಿ ಕುಂಚದಿಂದ ತೀಡಬೇಕು. ಒಬ್ಬರು ಆಚೆ, ಒಬ್ಬರು ಈಚೆ, ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯಬೇಕು. ನಡುವೆ ಒಬ್ಬರು ನಿಂತರೂ ಗಂಜಿ ಅಲ್ಲೇ ಒಣಗಿ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಂಜು ಕವಿದ ದಿನಗಳಲ್ಲಿ ಬಿಗಿದ ಗೂಟಗಳೂ ಕಾಣುತ್ತಿರಲಿಲ್ಲ, ಮನೆಗಳೂ ಕಾಣುತ್ತಿರಲಿಲ್ಲ. ಬಿಳಿಯ ಎಳೆಗಳಷ್ಟೇ ಯಾವ ಆಧಾರವೂ ಇಲ್ಲದೆ ಗಾಳಿಯಲ್ಲಿ ಹರಿಯುತ್ತಿರುವಂತೆ ಕಾಣುತ್ತಿತ್ತು. ಎರಡು ದಂಡೆಗಳ ಮೇಲೆ ಇಬ್ಬರು ಮುದುಕರು ನೀರಿನಲ್ಲಿ ಕೈ ಆಡಿಸುತ್ತ ನಡೆಯುತ್ತಿದ್ದರು. ಅರೆನಿದ್ದೆಯಲ್ಲಿ ಬಾಗಿಲು ತೆರೆದ ನನಗೆ ಎಷ್ಟೋ ಸಲ, ಹೊಳೆ ಗಲಗಲಿಯಿಂದ ನನ್ನನ್ನು ಹುಡುಕಿಕೊಂಡು ಬಂದಿದೆ ಅನಿಸಿದ್ದುಂಟು.

ಗುರಪ್ಪಜ್ಜ ಓಣಿಗೆಲ್ಲ ಹೆಸರಾದ ಕುಚೋದಿ. ಹಾಸಿನ ಪಕ್ಕದಲ್ಲಿ ನಡೆಯುತ್ತ, ಪ್ರತಿ ಮನೆಯ ಮುಂದೆಯೂ ಒಂದೊಂದು ಮಾತು ಎಸೆದು ಹೋಗುವುದು ಅವನ ಪದ್ಧತಿಯಾಗಿತ್ತಂತೆ. ಯಾರ ಸೊಸೆ ತವರಿನಿಂದ ಬಂದಳು, ಯಾರ ಮೀಸೆಗೆ ಹಚ್ಚಿದ ಕಪ್ಪು ಸೋರಿತು, ಒಂದನ್ನೂ ಬಿಡುತ್ತಿರಲಿಲ್ಲವಂತೆ. "ಅಂತೆ" ಎಂದೇಕೆ ಬರೆಯುತ್ತಿದ್ದೇನೆ ಎಂದರೆ, ನಾನು ಬರುವ ಹೊತ್ತಿಗೆ ಅಜ್ಜನಿಗೆ ದಮ್ಮು ಹಿಡಿದಿತ್ತು. ಹೊರಡುವಾಗ ಎರಡು ಮಾತಾಡುತ್ತಿದ್ದ. ನಡುವಿನ ಬೇವಿನ ಗಿಡ ದಾಟುವಷ್ಟರಲ್ಲಿ ಮಾತು ನಿಂತು ಕೆಮ್ಮು ಶುರುವಾಗುತ್ತಿತ್ತು. ನಮ್ಮ ಬಾಗಿಲು ಮುಟ್ಟುವಾಗ ಬರೀ ಶಿಳ್ಳೆಯಂಥ ಉಸಿರು. ನಾನು "ಹ್ಯಾಂಗದೀರಿ ಅಜ್ಜಾ?" ಎಂದರೆ ಕುಂಚ ಎತ್ತಿ ತೋರಿಸಿ ತಿರುಗಿ ನಡೆಯುತ್ತಿದ್ದ. ಎರಡು ವರ್ಷದಲ್ಲಿ ನನ್ನ ಬಾಗಿಲಿಗೆ ಅವನಿಂದ ಒಂದು ಮಾತೂ ಬಂದಿರಲಿಲ್ಲ. ಜಮಖಂಡಿಯ ಡಾಕ್ಟರರು ಎದೆಗೆ ಕೊಳವೆ ಇಟ್ಟು ನೋಡಿ, ಒಂದೋ ಹೊಗೆ ಬಿಡಬೇಕು, ಇಲ್ಲವೇ ಬೀದಿ ಕೆಲಸ ಬಿಡಬೇಕು, ಎರಡೂ ಆಗದಿದ್ದರೆ ಇದೇ ಚಳಿಗಾಲ ಕೊನೆಯದು ಎಂದು ಹೇಳಿ ಕಳಿಸಿದ್ದರು.

"ಬೀದಿ ಬಿಟ್ರ ಹಾಸಿಲ್ಲ, ಹಾಸಿಲ್ಲದಿದ್ರ ಮಗ್ಗಿಲ್ಲ. ಮಗ್ಗ ನಿಂತ ಮನ್ಯಾಗ ಇವರನ್ನ ಕುಂದರಿಸಿಕೊಂಡು ನಾ ಏನ ಮಾಡ್ಲಿರಿ ಮಾಸ್ತರ?" ಎಂದು ನೀಲವ್ವ ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಕುಳಿತು ಕೇಳಿದಳು. "ಬಿಡೂದಾದ್ರ ಆ ಹೊಗಿ ಓಣಿ ಬಿಡ್ಲಿ. ನೀವು ಓದಿದೋರು, ಎಲ್ಲಾರೆ ಒಂದು ಅರ್ಜಿ ಬರೀರಿ."

ಅರ್ಜಿ! ಆ ಶಬ್ದ ಕೇಳಿದರೆ ನನ್ನ ಬೆರಳುಗಳು ತಾವಾಗಿಯೇ ಬಾಗುತ್ತಿದ್ದವು. ಹೊಗೆ ಎಲ್ಲಿಯದು ಎಂಬ ಬಗ್ಗೆ ಓಣಿಗೆ ಸಂಶಯವಿರಲಿಲ್ಲ. ನಮ್ಮ ಹಿತ್ತಿಲ ಗೋಡೆಯಾಚೆಗೇ ರಾಚಪ್ಪನ ಬಣ್ಣದ ಭಟ್ಟಿ. ದೊಡ್ಡ ತಾಮ್ರದ ಹಂಡೆಗಳಲ್ಲಿ ನೂಲು ಕುದಿಸುತ್ತಿದ್ದ; ಭಟ್ಟಿಯ ಮಣ್ಣಿನ ಚಿಮಣಿ ಓಣಿಯ ಯಾವ ಮೂಲೆಯಿಂದ ನೋಡಿದರೂ ಬೆರಳು ಎತ್ತಿದಂತೆ ಕಾಣುತ್ತಿತ್ತು. ಮುಂಜಾನೆ ನಾನು ಜಳಕ ಮುಗಿಸಿ ಹೊರಗೆ ಬಂದರೆ ಹೊಗೆ ಕೌದಿಯ ಹಾಗೆ ಬೀದಿಯ ಮೇಲೆ ಹಾಸಿರುತ್ತಿತ್ತು, ಅದರ ಹಿಂದೆ ಚಿಮಣಿ ನಿಂತಿರುತ್ತಿತ್ತು. ಇನ್ನೇನು ಬೇಕು?

ಇಲ್ಲಿ ನನ್ನ ಜಳಕದ ವಿಷಯ ಸ್ವಲ್ಪ ಹೇಳಬೇಕು. ಹೊಳೆಯಲ್ಲಿ ಈಜಿ ಬೆಳೆದವನು ಎಂದು ಎಲ್ಲರೆದುರು ಜಂಬ ಕೊಚ್ಚಿಕೊಂಡರೂ, ಬನಹಟ್ಟಿಯ ಬಾವಿಯ ನೀರು ಚಳಿಗಾಲದಲ್ಲಿ ನನ್ನ ಬೆನ್ನಿಗೆ ಆಗುತ್ತಿರಲಿಲ್ಲ. ಹೊಳೆಯ ನೀರು ತಣ್ಣಗಿದ್ದರೂ ಅದಕ್ಕೊಂದು ಮಮತೆಯಿತ್ತು ಎಂದು ವಾದಿಸುತ್ತಿದ್ದೆ. ಹೀಗಾಗಿ ನಸುಕಿನಲ್ಲೇ ಎದ್ದು ಬಚ್ಚಲ ಒಲೆಯನ್ನು ನಾನೇ ಹೊತ್ತಿಸುತ್ತಿದ್ದೆ. ಹೊಲದವರು ಕಳಿಸಿದ ರವದಿ, ಅಂದರೆ ಕಬ್ಬಿನ ಒಣ ಎಲೆ, ಮಂಜಿಗೆ ಅರ್ಧ ಹಸಿಯಾದದ್ದು. ಹೊತ್ತಿಸಲು ಓಣಿಯ ಮನೆಗಳವರು ಪ್ರೀತಿಯಿಂದ ಕೊಟ್ಟ ಗಂಜಿ ಹತ್ತಿದ ನೂಲಿನ ಚಿಂದಿ. ಆದರೂ ಒಳಗೆ ಒಂದು ಎಳೆ ಹೊಗೆ ನಿಲ್ಲುತ್ತಿರಲಿಲ್ಲ. ಒಲೆಯ ಮೇಲಿನ ಕಿಂಡಿ ಎಲ್ಲವನ್ನೂ ಎಳೆದುಕೊಂಡು ಹೋಗುತ್ತಿತ್ತು. ಆ ಬೆಚ್ಚನೆಯ ಕತ್ತಲಲ್ಲಿ ಮಣೆಯ ಮೇಲೆ ಕುಳಿತು, ಹಂಡೆಯ ಗುಂಯ್‌ಗುಡುವಿಕೆ ಕೇಳುತ್ತ, ಜ್ವಾಲೆಯಲ್ಲಿ ಹೊಳೆಯ ದಂಡೆ, ಹರಿಗೋಲು, ನಮ್ಮವ್ವನ ಸೆರಗು ನೋಡುತ್ತ ಅರ್ಧ ತಾಸು ಕಳೆಯುತ್ತಿದ್ದೆ. "ಒಲಿ ಹೊತ್ತಿಸೂದನ್ನ ನನ್ನ ನೋಡಿ ಕಲಿ, ಕಣ್ಣಾಗ ಒಂದ ಹನಿ ನೀರ ಬರಂಗಿಲ್ಲ," ಎಂದು ಹೆಂಡತಿಗೆ ಹೇಳುತ್ತಿದ್ದೆ. ಆ ಕಿಂಡಿ ಎಲ್ಲಿಗೆ ತೆರೆಯುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಯಾವ ಮನುಷ್ಯನೂ ತನ್ನ ಬಚ್ಚಲ ಹೊಗೆಯನ್ನು ತಾನು ನೋಡಲಾರ. ಅದು ಏಳುವ ಹೊತ್ತಿಗೆ ಅವನು ಒಳಗೇ ಇರುತ್ತಾನಲ್ಲ.

ಅರ್ಜಿ ಬರೆದೆ. ಮೂರು ರಾತ್ರಿ ಹಿಡಿಯಿತು ಎಂದು ಹೇಳುವ ಆಸೆ, ಆದರೆ ಒಂದೇ ಮಧ್ಯಾಹ್ನದಲ್ಲಿ ಮುಗಿದಿತ್ತು. ಅದರಲ್ಲಿ ಒಂದು ವಾಕ್ಯ ನನಗೆ ಇಂದಿಗೂ ಬಾಯಿಪಾಠ: "ಪ್ರತಿದಿನವೂ ಅರುಣೋದಯಕ್ಕೆ ಮುನ್ನವೇ ಸದರಿ ಭಟ್ಟಿಯು ಕರಾಳ ಧೂಮವನ್ನು ಉಗುಳಲಾರಂಭಿಸಿ, ನಿರಪರಾಧಿಗಳಾದ ನೇಕಾರರ ಶ್ವಾಸವನ್ನು ಅಪಹರಿಸುತ್ತಿದೆ." ಭಟ್ಟಿ ಹೊತ್ತುವುದು ಅರುಣೋದಯಕ್ಕೆ ಮುನ್ನವೋ ಆಮೇಲೋ, ನಾನು ನೋಡಿರಲಿಲ್ಲ. "ಬಿಸಿಲು ಬಿದ್ದ ಮೇಲೆ" ಎಂದು ಬರೆದರೆ ವಾಕ್ಯ ಕುಂಟುತ್ತಿತ್ತು.

"ಅಲ್ರೀ, ರಾಚಪ್ಪ ಅಷ್ಟ ಲಗೂನ ಏಳತಾನ?" ಎಂದಳು ಹೆಂಡತಿ, ಓದಿದ್ದನ್ನು ಕೇಳಿ.

"ಭಟ್ಟಿ ಏಳತೈತಿ ಅಂತ ಬರದೀನಿ, ರಾಚಪ್ಪ ಅಂತ ಬರದಿಲ್ಲ," ಎಂದೆ.

ಓಣಿಯವರೆಲ್ಲ ರುಜು ಹಾಕಿದರು, ಹೆಬ್ಬೆಟ್ಟು ಒತ್ತಿದರು. ಗುರಪ್ಪಜ್ಜ ಮಾತ್ರ ಕಾಗದವನ್ನು ಹಿಡಿದು ಬಹಳ ಹೊತ್ತು ನೋಡಿದ, ನನ್ನ ಮುಖ ನೋಡಿದ, ಏನೋ ಹೇಳಲು ಬಾಯಿ ತೆರೆದ, ಕೆಮ್ಮು ಬಂತು, ಕೆಮ್ಮುತ್ತಲೇ ಹೆಬ್ಬೆಟ್ಟು ಒತ್ತಿದ. ಅವನ ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಕೃತಜ್ಞತೆ ಎಂದುಕೊಂಡೆ. ಅತ್ತ ರಾಚಪ್ಪನಿಗೆ ಸರ್ಕಾರದ ನೋಟೀಸು ಹೋಯಿತು, ದೂರು ಖರೆಯಾದರೆ ಭಟ್ಟಿಯನ್ನು ಊರ ಹೊರಗೆ ಒಯ್ಯಬೇಕೆಂದು. ಅವನು ನನ್ನೊಡನೆ ಮಾತು ಬಿಟ್ಟ.

ಸ್ಯಾನಿಟರಿ ಇನ್‌ಸ್ಪೆಕ್ಟರರು ಅರ್ಜಿಯಲ್ಲಿ ಬರೆದ ಹೊತ್ತಿಗೇ ಬಂದು ನೋಡುತ್ತೇನೆ ಎಂದು ಹೇಳಿ ಕಳಿಸಿದ್ದರು. ಅಂಥ ದಿನ ಅರ್ಜಿದಾರ ಜಳಕ ಮಾಡದೆ ನಿಲ್ಲುವುದುಂಟೇ? ಎಂದಿಗಿಂತ ಮೊದಲೇ ಎದ್ದು ಎರಡು ಪಟ್ಟು ರವದಿ ತುರುಕಿದೆ. ಹೊರಗೆ ಜನ ಸೇರುವ ಸದ್ದು, ಕುಂಚದ ಸರಸರ, ಆಮೇಲೆ ಅಜ್ಜನ ಕೆಮ್ಮು. ಇವತ್ತು ಕೆಮ್ಮು ಜೋರಾಗಿದೆ, ಸಾಹೇಬರು ಕಿವಿಯಾರೆ ಕೇಳಲಿ ಎಂದು ಒಳಗೊಳಗೆ ಹಿಗ್ಗಿದೆ. ಹೀಗೆ ಹಿಗ್ಗಿದ್ದು ಮಾತ್ರ ಖಂಡಿತ ನೆನಪಿದೆ, ಅದನ್ನು ಯಾರೂ ಅಲ್ಲಗಳೆದಿಲ್ಲ. ಅಷ್ಟರಲ್ಲಿ ಕಿಂಡಿಯ ಆಚೆಯಿಂದ ಯಾರೋ ಕೇಳಿದರು:

"ಒಳಗ ಯಾರದೀರಿ?"

ಮುಖಕ್ಕೆ ಸಾಬೂನು ಹಚ್ಚಿದ್ದೆ. "ತಡೀರಿ ಮಾರಾಯ್ರ! ಸಾಹೇಬ್ರು ಬರೂದೈತಿ, ಜಳಕಾ ಮಾಡಾಕತ್ತೇನಿ!" ಎಂದು ಕೂಗಿದೆ.

"ಬಂದೇನ್ರಿ," ಎಂದಿತು ಆ ದನಿ, ಮತ್ತು ಕೆಮ್ಮಿತು.

ಹೊರಗೆ ಓಡಿಬಂದೆ, ಮೊದಲು ಹೇಳಿದ ಆ ವಸ್ತ್ರದಲ್ಲಿ. ನಾನು ಕಂಡದ್ದು ಕನಸಿನ ಹಾಗಿತ್ತು: ಓಣಿಯೇ ಇರಲಿಲ್ಲ. ನಮ್ಮ ಗೋಡೆಯ ಕಿಂಡಿಯಿಂದ, ನಿಂತ ಮನುಷ್ಯನ ಮೂಗಿನ ಎತ್ತರದಲ್ಲಿ, ದಪ್ಪನೆಯ ಬೂದು ಹೊಗೆ ಯಾವ ಅವಸರವೂ ಇಲ್ಲದೆ ಹೊರಟು ಹಾಸಿನುದ್ದಕ್ಕೂ ಮೂಡಣಕ್ಕೆ ಹರಿಯುತ್ತಿತ್ತು. ಅದು ಕೃಷ್ಣೆಯೇ, ಆದರೆ ನನ್ನ ಬಚ್ಚಲಿನಿಂದ ಹುಟ್ಟಿದ್ದು. ಅದರೊಳಗೆ ನಮ್ಮ ಓಣಿಯ ತಲೆಗಳು ಮುಳುಗುತ್ತ ತೇಲುತ್ತ ಇದ್ದವು. ನಡುವೆ ಬೇವಿನ ಗಿಡ ಹಿಡಿದುಕೊಂಡು ಗುರಪ್ಪಜ್ಜ ಬಗ್ಗಿದ್ದ. ಅವನ ಬೆನ್ನು ಏಳುತ್ತಿತ್ತು, ಇಳಿಯುತ್ತಿರಲಿಲ್ಲ. ನೀಲವ್ವ ಹಾಸು ಬಿಟ್ಟು, ಗಂಜಿ ಒಣಗಲಿ ಎಂದು ಬಿಟ್ಟು, ಅವನ ಬೆನ್ನು ತಿಕ್ಕುತ್ತಿದ್ದಳು. ಅದನ್ನು ನೋಡಿದ ಮೇಲೆ ನನ್ನ ಮೈಮೇಲಿನ ನೀರಿನ ಚಳಿ ನನಗೆ ಗೊತ್ತಾಗಲಿಲ್ಲ.

ರಾಚಪ್ಪ ಕೈಕಟ್ಟಿ ನಿಂತಿದ್ದ. "ಸಾಹೇಬ್ರ, ನಮ್ಮ ಭಟ್ಟಿ ಇನ್ನೂ ಮಲಗೇತ್ರಿ," ಎಂದ. "ಬೇಕಾದ್ರ ಮುಟ್ಟಿ ನೋಡ್ರಿ. ಎದ್ದದ್ದು ಯಾವದು ಅಂತ ಮಾಸ್ತರನ್ನ ಕೇಳ್ರಿ, ಅವರು ಛಲೋ ಬರೀತಾರ."

ಸಾಹೇಬರು ಅರ್ಜಿ ಮಡಚಿ ನನ್ನ ಸಾಬೂನಿನ ಕೈಗೆ ಕೊಟ್ಟರು. "ಭಾಷಾ ಅಗದೀ ಛಲೋ ಐತ್ರಿ ಮಾಸ್ತರ. ಹೆಸರಷ್ಟ ತಿದ್ದಿಕೊಡ್ರಿ," ಎಂದು ಸೈಕಲ್ ಹತ್ತಿದರು.

ನಾನು ಒಳಗೆ ಓಡಿ ಹಂಡೆಯ ಕಾದ ನೀರನ್ನೆಲ್ಲ ಒಲೆಗೆ ಸುರಿದೆ. ಹೊಗೆ ಕೊನೆಯ ಸಲ ಭುಸ್ ಎಂದು ಸತ್ತಿತು. ಆಮೇಲೆ ಅಜ್ಜನ ಮನೆಗೆ ಹೋಗಿ ತಲೆತಗ್ಗಿಸಿ ಕುಳಿತೆ. ಅವನ ಉಸಿರು ತಿರುಗಲು ಹೊತ್ತು ಹಿಡಿಯಿತು. ತಿರುಗಿದ ಮೇಲೆ ಅಜ್ಜ ಆ ದಿನದ ಹಾಸಿನ ಎಳೆಗಳನ್ನು ನನ್ನ ಮುಂದೆ ಹರವಿದ. ನಮ್ಮ ಬಾಗಿಲ ಕಡೆಯ ತುದಿ ಬೂದು, ಅವನ ಬಾಗಿಲ ಕಡೆಯದು ಬಿಳಿ.

"ದಿನಾ ಹಿಂಗ ಇರತಿತ್ರಿ. ಇದು ರವದಿ ಮಸಿ. ಭಟ್ಟೀದು ಬ್ಯಾರೆ, ಕಟಿಗಿ ಮಸಿ ಬೆರಳಿಗೆ ಹತ್ತತೈತಿ," ಎಂದ.

"ಗೊತ್ತಿತ್ತಾ ಅಜ್ಜಾ? ಮತ್ತ ಒಂದ್ ಮಾತ ಹೇಳಬಾರದ?"

"ನಿಮ್ಮ ಬಾಗಲಕ್ಕ ಬಂದು ಹೇಳಾಕ," ಎಂದ ಅಜ್ಜ, ನಡುವೆ ನಿಂತು ಉಸಿರೆಳೆದುಕೊಂಡು, "ಉಸರ ಬೇಕಲ್ರಿ."

"ನನಗರೆ ಹೇಳಬಾರದೇನ್ರಿ!" ಎಂದು ನೀಲವ್ವ ಸಿಡುಕಿದಳು.

"ನಿನಗ ಹೇಳಿದ್ರ ಊರಿಗೆಲ್ಲಾ ಹೇಳತಿದ್ದಿ. ಮಾಸ್ತರು ಜಳಕಾ ಬಿಟ್ಟು ಸಾಲಿಗೆ ಹೋಗಬೇಕಾಕ್ಕಿತ್ತು."

ನಾನು ರಾಚಪ್ಪನ ಮನೆಗೂ ಹೋಗಿ ಕ್ಷಮೆ ಕೇಳಿದೆ. ಅವನು ಎರಡು ದಿನ ಬಿಗುಮಾನ ತೋರಿಸಿ ಮೂರನೆಯ ದಿನ ಚಹಾ ಕೊಟ್ಟ. ಬಿಸಿಲು ಬಿದ್ದ ಮೇಲಿನ ಹೊಗೆಯಲ್ಲಿ ತನ್ನ ಪಾಲೂ ಇದೆ ಎಂದು ಒಪ್ಪಿ, ಹಾಸು ಎತ್ತುವವರೆಗೆ ಭಟ್ಟಿಗೆ ಬೆಂಕಿ ಇಡುವುದಿಲ್ಲ ಎಂದ. ಹಾಗಾದರೆ ನಾನು? ಇನ್ನು ಮುಂದೆ ತಣ್ಣೀರಿನ ಜಳಕ ಎಂದು ಓಣಿಯ ನಡುವೆ ನಿಂತು ಸಾರಿಬಿಟ್ಟೆ. ಹೊಳೆಯ ಮಗ ಎಂಬ ಜಂಬಕ್ಕೆ ಕೊನೆಗೂ ಒಂದು ಉಪಯೋಗ ಬಂತು.

ಇಲ್ಲಿಂದ ಮುಂದೆ ನನ್ನ ನೆನಪು ತಾನಾಗಿ ಅಂದವಾಗತೊಡಗುತ್ತದೆ, ಆದ್ದರಿಂದ ಎಚ್ಚರಿಕೆಯಿಂದ ಓದಬೇಕು. ಮಂಜಿನ ಮುಂಜಾನೆಗಳು, ಹೊಗೆಯಿಲ್ಲದ ಬೀದಿಯಲ್ಲಿ ಬಿಳಿಯ ಎಳೆಗಳ ಹೊಳೆ, ನಾನು ಬಚ್ಚಲಲ್ಲಿ ತಂಬಿಗೆ ತಂಬಿಗೆ ಬಾವಿನೀರು ಸುರಿದುಕೊಂಡು "ಹೋ! ಹೋ!" ಎಂದು ಕೂಗುವುದು. ಆ ಕೂಗು ಕಿಂಡಿಯಿಂದ ಹೊರಬಿದ್ದು, ಹಾಸಿನ ಎರಡೂ ಬದಿಯ ಹೆಜ್ಜೆಗಳಿಗೆ ತಾಳವಾಗುತ್ತಿತ್ತು. ಒಂದು ತಂಬಿಗೆಗೆ ನಾಲ್ಕು ಹೆಜ್ಜೆ ಎಂದು ನೀಲವ್ವ ಲೆಕ್ಕ ಇಟ್ಟಿದ್ದಳು. ಅಜ್ಜ ಮೊದಲ ವಾರ ಮಾತು ನಿಲ್ಲಿಸದೆ ಬೇವಿನ ಗಿಡ ದಾಟಿದ. ಆಮೇಲೆ ಅದರಾಚೆಯ ಕಟ್ಟೆ ದಾಟಿದ. ಕೆಮ್ಮು ಪೂರ್ತಿ ಹೋಗಲಿಲ್ಲ, ಆದರೆ ಅವನಿಗಿಂತ ಹಿಂದೆ ಬಿತ್ತು.

"ಯಾಕ ಸುಳ್ಳ ಬರಿಯಾಕತ್ತೀರಿ?" ಎಂದು ಈಗ ತಾನೇ ಇದನ್ನು ಭುಜದ ಮೇಲಿಂದ ಓದಿದ ಹೆಂಡತಿ ಕೇಳುತ್ತಿದ್ದಾಳೆ. "ನೀರ ಎಲ್ಲಿ ಸುರೀತಿದ್ರಿ, ಅದನೂ ಬರೀರಿ."

ಬರೆಯುತ್ತೇನೆ. ಕಲ್ಲಿನ ಮೇಲೆ. ಮೊದಲ ದಿನ ಒಂದೇ ಒಂದು ತಂಬಿಗೆ ಬೆನ್ನಿಗೆ ಹಾಕಿಕೊಂಡದ್ದು ಖರೆ. ಉಳಿದ ದಿನಗಳಲ್ಲಿ ಕಂಬಳಿ ಹೊದ್ದು ಮಣೆಯ ಮೇಲೆ ಕುಳಿತು, ಬಚ್ಚಲ ಕಲ್ಲಿಗೆ ನೀರು ಸುರಿಯುತ್ತ, ತಂಬಿಗೆಗೊಂದು ಕೂಗು ಹಾಕುತ್ತಿದ್ದೆ. ಕೂಗು ಮಾತ್ರ ಕೃತಕವಾಗಿರಲಿಲ್ಲ. ಮೊದಲ ದಿನದ ನೆನಪೊಂದೇ ಸಾಕಾಗಿತ್ತು. ಓಣಿಯೆಲ್ಲ ನನ್ನನ್ನು ಹೊಗಳಿತು. ರಾಚಪ್ಪನೂ ಹೊಗಳಿದ.

ಚಳಿ ಮುಗಿಯಲು ಬಂದಾಗ ಒಂದು ಮುಂಜಾನೆ, ನನ್ನ ಕೊನೆಯ ಕೂಗು ಮುಗಿದು, ಕುಂಚದ ಸದ್ದು ನಮ್ಮ ಬಾಗಿಲಿಗೆ ಬಂದು ನಿಂತಿತು. ಶಿಳ್ಳೆಯ ಉಸಿರಿಲ್ಲ, ಕೆಮ್ಮಿಲ್ಲ. ಕಿಂಡಿಗೆ ಬಾಯಿಟ್ಟು, ಎರಡು ವರ್ಷದ ಮೇಲೆ ಮೊದಲ ಬಾರಿಗೆ, ಗುರಪ್ಪಜ್ಜ ನಡುವೆ ಎಲ್ಲೂ ನಿಲ್ಲದೆ ಒಂದೇ ಉಸಿರಿನಲ್ಲಿ ಹೇಳಿದ:

"ಮಾಸ್ತರ, ದನಿ ಅಗದೀ ಛಲೋ ಐತಿ, ನಾಳಿಂದ ಒಂದೆರಡ ತಂಬಿಗಿ ಮೈಮ್ಯಾಲೂ ಹಾಕ್ಕೋರಿ!"