ಶಶಿಯ ಕಾರ್ಖಾನೆಗೆ ನಾನು ಮಾಡಿದ ಆಯುಧಪೂಜೆ

ತುರ್ಭೆಯ ಒಂದು ಕಂಪನಿಯ ಪ್ಲಾನಿಂಗ್ ಡಿಪಾರ್ಟ್‌ಮೆಂಟಿನಲ್ಲಿ ಇಪ್ಪತ್ತೆರಡು ವರ್ಷ ಕುಳಿತವನಿಗೆ ಕಾರ್ಖಾನೆ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಯಾವ ಮೆಷಿನ್ ಎಲ್ಲಿ ಕೂರಬೇಕು, ಕಚ್ಚಾ ಮಾಲು ಯಾವ ಬಾಗಿಲಿನಿಂದ ಒಳಗೆ ಬರಬೇಕು, ತಯಾರಾದ ಮಾಲು ಯಾವ ಬಾಗಿಲಿನಿಂದ ಹೊರಗೆ ಹೋಗಬೇಕು ಎಂದು ನಿರ್ಧರಿಸುವವನು ನಾನು. ಇದನ್ನು ಜಂಬದಿಂದ ಹೇಳುತ್ತಿಲ್ಲ. ಸರಿ, ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ. ನಮ್ಮಲ್ಲಿ ತಯಾರಾಗುವುದು ಬಾಟಲಿಯ ಮುಚ್ಚಳ.

ಇಂಥ ನಾನು ನನ್ನ ಹೆಂಡತಿ ಶಶಿಯ ಕಾರ್ಖಾನೆಯನ್ನು ಒಂದೇ ಮಧ್ಯಾಹ್ನದಲ್ಲಿ ಮುಚ್ಚಿಸಿದ ಕತೆ ಇದು.

ಕಾರ್ಖಾನೆ ಇದ್ದದ್ದು ಕಂಪ್ಯೂಟರಿನಲ್ಲಿ. ಮಗಳು ಅನಘಾ ಆ ವರ್ಷ ಇಂಜಿನಿಯರಿಂಗ್ ಓದಲು ಪುಣೆಗೆ ಹೋದಳು. ಹೋಗುವಾಗ ಡೊಂಬಿವಲಿಯ ನಮ್ಮ ಮನೆಯಲ್ಲಿ ತನ್ನ ಹಳೆಯ ಕಂಪ್ಯೂಟರನ್ನೂ ಅದರಲ್ಲಿ ಒಂದು ಆಟವನ್ನೂ ಬಿಟ್ಟುಹೋದಳು. ಯಾರೂ ಇಲ್ಲದ ಒಂದು ಗ್ರಹಕ್ಕೆ ನಾವು ಬಂದು ಬಿದ್ದಿರುತ್ತೇವೆ. ಕೈಯಲ್ಲಿ ಒಂದು ಗುದ್ದಲಿ ಬಿಟ್ಟರೆ ಏನೂ ಇಲ್ಲ. ಕಬ್ಬಿಣ, ತಾಮ್ರ, ಕಲ್ಲಿದ್ದಲು ಅಗೆದು, ಮೆಷಿನ್ ಮಾಡಿ, ಆ ಮೆಷಿನ್‌ಗಳಿಂದ ಬೇರೆ ಮೆಷಿನ್ ಮಾಡಿ, ಕೊನೆಗೆ ಒಂದು ರಾಕೆಟ್ ಕಟ್ಟಿ ಹಾರಿಸಬೇಕು. ಅಷ್ಟೇ ಆಟ. "ಮಮ್ಮಿ, ಅಬ್ ತೂ ಸಂಭಾಲ್," ಇನ್ನು ನೀನೇ ನೋಡಿಕೋ ಎಂದು ಹೇಳಿ ಮಗಳು ರೈಲು ಹತ್ತಿದಳು. ಡೊಂಬಿವಲಿಯಲ್ಲೇ ಹುಟ್ಟಿದ ಹುಡುಗಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ.

ಮಗಳಿಲ್ಲದ ಮನೆ ನಮ್ಮಿಬ್ಬರಿಗೂ ಬಣಗುಟ್ಟುತ್ತಿತ್ತು. ಶಶಿ ಮೊದಮೊದಲು ಆ ಕಂಪ್ಯೂಟರಿನ ಧೂಳು ಒರೆಸಲು ಹೋಗುತ್ತಿದ್ದಳು. ಆಮೇಲೆ ಕುರ್ಚಿಯಲ್ಲಿ ಕೂತು ಒರೆಸತೊಡಗಿದಳು. ಒಂದು ತಿಂಗಳಲ್ಲಿ ಧೂಳು ಹಾಗೇ ಉಳಿಯಿತು, ಕಾರ್ಖಾನೆ ಬೆಳೆಯಿತು! ಶನಿವಾರ ಸಂಜೆ ಪುಣೆಯಿಂದ ಮಗಳೂ ಅದೇ ಗ್ರಹಕ್ಕೆ ಬರುತ್ತಿದ್ದಳು. ಪರದೆಯ ಮೇಲೆ ಇಬ್ಬರು ಪುಟ್ಟ ಮನುಷ್ಯರು ಅಕ್ಕಪಕ್ಕ ನಡೆಯುತ್ತಿದ್ದರು. ಮೊದಲು ಫೋನಿನಲ್ಲಿ "ಊಟ ಆಯ್ತಾ" ಎಂದು ಕೇಳಿದ ಮೇಲೆ ಮಾತು ಮುಗಿದುಹೋಗುತ್ತಿತ್ತು. ಈಗ ತಾಯಿ ಮಗಳು ತಾಮ್ರದ ತಂತಿಯ ಬಗ್ಗೆ ಒಂದು ಗಂಟೆ ಮಾತಾಡುತ್ತಿದ್ದರು. ನಾನು ಸೋಫಾದ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ನನಗೆ ಅದು ಹಿತವಾಗಿತ್ತು ಎಂದು ಒಪ್ಪಿಕೊಳ್ಳಲೇಬೇಕು.

ಆದರೆ ಕಾರ್ಖಾನೆ! ಅದನ್ನು ನೋಡಿದರೆ ನನ್ನ ಎದೆ ಧಸಕ್ ಎನ್ನುತ್ತಿತ್ತು. ಶಶಿಗೆ ಎಲ್ಲಿ ಏನು ಬೇಕು ಅನ್ನಿಸಿತೋ ಅಲ್ಲೇ ಒಂದು ಮೆಷಿನ್ ಕೂರಿಸುವಳು. ಅದಕ್ಕೆ ಕಬ್ಬಿಣ ಬೇಕಾದರೆ ಪಕ್ಕದಲ್ಲಿ ಹೋಗುತ್ತಿದ್ದ, ಮಾಲು ಸಾಗಿಸುವ ಬೆಲ್ಟಿನಿಂದ ಒಂದು ಕವಲು ಎಳೆಯುವಳು. ಬೆಲ್ಟ್ ಬೆಲ್ಟಿನ ಕೆಳಗೆ ನುಸುಳಿ, ಕೊಳ ಸುತ್ತಿ, ಮರದ ಹಿಂದಿನಿಂದ ಹಾದು, ಹೊರಟ ಜಾಗಕ್ಕೇ ವಾಪಸ್ ಬರುತ್ತಿತ್ತು. ಒತ್ತುಶ್ಯಾವಿಗೆ ತಟ್ಟೆ ನೋಡಿದ ಹಾಗೆ. ಮುಖ್ಯವಾಗಿ ಕಲ್ಲಿದ್ದಲಿನ ಒಂದು ಬೆಲ್ಟ್ ಇಡೀ ಕಾರ್ಖಾನೆಗೆ ಪ್ರದಕ್ಷಿಣೆ ಹಾಕಿಕೊಂಡು ಎಲ್ಲಿಗೋ ಹೋಗುತ್ತಿತ್ತು.

"ಇದಕ್ಕೊಂದು ಪ್ಲಾನ್ ಉಂಟಾ?" ಎಂದು ಕೇಳಿದೆ.

"ಪ್ಲಾನ್ ಎಂತದಕ್ಕೆ? ಓಡ್ತಾ ಉಂಟಲ್ಲ," ಎಂದಳು ಶಶಿ.

"ನಡುವಲ್ಲಿ ಒಂದು ನೇರ ರಸ್ತೆ ಬೇಕು. ಎಲ್ಲಾ ಮಾಲು ಅದರಲ್ಲೇ ಬರ್ಬೇಕು. ಎರಡೂ ಬದಿಗೆ ಮೆಷಿನ್, ಸಾಲಾಗಿ. ಮುಂದೆ ಎಷ್ಟು ಬೆಳೀತದೆ ಅಂತ ಮೊದಲೇ ಲೆಕ್ಕ ಹಾಕಿ ಜಾಗ ಬಿಡ್ಬೇಕು."

"ಮುಂದೆ ಎಂತ ಬೇಕು ಅಂತ ಮೊದಲೇ ಹೇಗೆ ಗೊತ್ತಾಗ್ತದೆ ಮಾರಾಯ್ರೆ? ಬೇಕಾದಾಗ ಅಲ್ವಾ ಗೊತ್ತಾಗುದು?"

ಇಂಥ ಅಜ್ಞಾನದ ಜೊತೆ ವಾದ ಮಾಡಿ ಪ್ರಯೋಜನವಿಲ್ಲ ಎಂದು ನಾನು ಸುಮ್ಮನಾದೆ. ಆದರೆ ನನ್ನ ಮನಸ್ಸು ಸುಮ್ಮನಾಗಲಿಲ್ಲ. ಬೆಳಿಗ್ಗೆ ಠಾಣೆಯಲ್ಲಿ ಇಳಿದು ತುರ್ಭೆಯ ಗಾಡಿ ಹಿಡಿದು ಕಿಟಕಿಗೆ ತಲೆ ಕೊಟ್ಟರೆ, ಕಣ್ಣ ಮುಂದೆ ಆ ನೇರ ರಸ್ತೆ ತೆರೆದುಕೊಳ್ಳುತ್ತಿತ್ತು. ನಾಲ್ಕು ಬೆಲ್ಟಿನಲ್ಲಿ ಕಬ್ಬಿಣ, ನಾಲ್ಕರಲ್ಲಿ ತಾಮ್ರ, ಎಲ್ಲ ಒಂದೇ ವೇಗದಲ್ಲಿ ತಣ್ಣಗೆ ಹರಿಯುತ್ತಿದ್ದವು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಬರೆದೆ. ಕೆಂಪು ಪೆನ್ನಿನಲ್ಲಿ ಸಹಿಯನ್ನೂ ಹಾಕಿದೆ. ಒಂದು ದಿನ ಹೀಗೇ ಕನಸು ಕಾಣುತ್ತಾ ತುರ್ಭೆ ದಾಟಿ ನೆರೂಲಿನಲ್ಲಿ ಇಳಿದು, ವಾಪಸ್ ಬರುವಷ್ಟರಲ್ಲಿ ಹಾಜರಿಯ ಮಸ್ಟರಿನಲ್ಲಿ ಲೇಟ್ ಮಾರ್ಕ್ ಬಿದ್ದಿತ್ತು.

ಆಯುಧಪೂಜೆ ಬಂತು. ಮಗಳಿಗೆ ಪರೀಕ್ಷೆ ಇದ್ದುದರಿಂದ ಹಬ್ಬಕ್ಕೆ ಬರಲಾಗಲಿಲ್ಲ. ಹುಟ್ಟಿದಂದಿನಿಂದ ಅವಳಿಲ್ಲದ ಮೊದಲ ದಸರಾ. ಅದಕ್ಕೇ ತಾಯಿ ಮಗಳು ಒಂದು ಒಪ್ಪಂದ ಮಾಡಿಕೊಂಡಿದ್ದರು: ಆ ದಿನ ಸಂಜೆ ರಾಕೆಟ್ ಹಾರಿಸುವುದು. ನಾಲ್ಕು ತಿಂಗಳ ಕೆಲಸ ಮುಗಿದು ರಾಕೆಟ್ ಹೆಚ್ಚುಕಡಿಮೆ ತಯಾರಾಗಿತ್ತು. ಅನಘಾಳ ಲ್ಯಾಪ್‌ಟಾಪ್ ಕೆಟ್ಟಿದ್ದರಿಂದ ರೂಮ್‌ಮೇಟ್ ತನ್ನದನ್ನು ಐದೂವರೆಯಿಂದ ಏಳರವರೆಗೆ ಮಾತ್ರ ಕೊಡಲು ಒಪ್ಪಿದ್ದಳು. ಏಳಕ್ಕೆ ವಾಪಸ್ ಕೊಡಲೇಬೇಕು. ಶಶಿ ಅದಕ್ಕಾಗಿ ಎರಡು ದಿನದಿಂದ ಸರಿಯಾಗಿ ಊಟವನ್ನೂ ಮಾಡಿರಲಿಲ್ಲ.

ಬೆಳಿಗ್ಗೆ ಕಂಪನಿಯಲ್ಲಿ ಪೂಜೆ. ಮೆಷಿನ್‌ಗಳನ್ನೆಲ್ಲ ನಿಲ್ಲಿಸಿ, ತೊಳೆದು, ಚೆಂಡುಹೂವಿನ ಹಾರ ಹಾಕಿ, ಕಾಯಿ ಒಡೆದು, ಪೇಡೆ ಹಂಚಿ, ನಾನು ಹನ್ನೆರಡಕ್ಕೆ ಮನೆಗೆ ಬಂದೆ. ಶಶಿ ಠಾಣೆಯಲ್ಲಿರುವ ಅಕ್ಕನ ಮನೆಗೆ ನವರಾತ್ರಿಯ ಊಟಕ್ಕೆ ಹೊರಟು ನಿಂತಿದ್ದಳು. "ನಾಲ್ಕೂವರೆಗೆ ಬರ್ತೇನೆ. ಮಿಕ್ಸಿಗೆ, ಕಂಪ್ಯೂಟರಿಗೆ ಹೂ ಇಡಿ. ಪಾಯಸ ಫ್ರಿಜ್ಜಲ್ಲಿ ಉಂಟು," ಎಂದು ಹೇಳಿ ಹೋದಳು.

ಮಿಕ್ಸಿಗೆ ಹೂ ಇಟ್ಟೆ. ಕಂಪ್ಯೂಟರಿಗೆ ಕುಂಕುಮ ಹಚ್ಚಿದೆ. ಆಗ ಒಂದು ಧರ್ಮಸೂಕ್ಷ್ಮ ಹೊಳೆಯಿತು. ಹೊರಗೆ ಪೂಜೆ ಮಾಡಿ, ಒಳಗೆ ಇನ್ನೂರು ಮೆಷಿನ್‌ಗಳನ್ನು ಓಡಿಸುತ್ತಾ ಬಿಡುವುದು ಯಾವ ನ್ಯಾಯ? ಆಯುಧಪೂಜೆಯ ದಿನ ಯಂತ್ರಕ್ಕೆ ವಿಶ್ರಾಂತಿ ಕೊಡಬೇಕು. ಅದು ತುರ್ಭೆಯಲ್ಲಿದ್ದರೂ ಅಷ್ಟೇ, ಬೇರೆ ಗ್ರಹದಲ್ಲಿದ್ದರೂ ಅಷ್ಟೇ! ಕಂಪ್ಯೂಟರ್ ಆನ್ ಮಾಡಿ, ಆಟ ತೆರೆದು, ಕರೆಂಟಿನ ಒಂದು ಕಂಬ ಕಿತ್ತೆ. ಇಡೀ ಕಾರ್ಖಾನೆ ನಿಂತಿತು. ಆ ಮೌನದಲ್ಲಿ ಊದುಬತ್ತಿ ಬೆಳಗಿದೆ. ಮನಸ್ಸು ತುಂಬಿ ಬಂತು.

ಮೆಷಿನ್ ನಿಂತಿದೆ, ಮನೆಯಲ್ಲಿ ಯಾರೂ ಇಲ್ಲ, ಕೈಯಲ್ಲಿ ನಕ್ಷೆ ಇದೆ. ಇಪ್ಪತ್ತೆರಡು ವರ್ಷದ ಅನುಭವವುಳ್ಳವನು ಇನ್ನೇನು ಮಾಡಬೇಕು? ನಮ್ಮಲ್ಲಿ ಲೇಔಟ್ ಬದಲಾಯಿಸುವುದೇ ಶಟ್‌ಡೌನ್ ಸಮಯದಲ್ಲಿ. ಶಶಿ ಬರುವಷ್ಟರಲ್ಲಿ ಕಾರ್ಖಾನೆಯನ್ನು ಸರಿಪಡಿಸಿ ಅವಳನ್ನು ಬೆರಗುಗೊಳಿಸುವುದು ಎಂದು ನಿಶ್ಚಯಿಸಿದೆ. ಅವಳು ಬೆರಗಾದದ್ದು ನಿಜ.

ಸೊಟ್ಟ ಬೆಲ್ಟ್‌ಗಳನ್ನೆಲ್ಲ ಕಿತ್ತೆ. ಪ್ರದಕ್ಷಿಣೆ ಹಾಕುತ್ತಿದ್ದ ಆ ಕಲ್ಲಿದ್ದಲಿನ ಬೆಲ್ಟನ್ನಂತೂ ವಿಶೇಷ ಪ್ರೀತಿಯಿಂದ ಕಿತ್ತೆ. ನಡುವೆ ನೇರ ರಸ್ತೆ ಹಾಸಿದೆ. ಮೊದಲು ಉಕ್ಕಿನ ಕುಲುಮೆಗಳು, ಆಮೇಲೆ ಮಿಕ್ಕ ಮೆಷಿನ್‌ಗಳು, ಎಲ್ಲಕ್ಕಿಂತ ಕೊನೆಯಲ್ಲಿ, ಕಣ್ಣಿಗೆ ಬೀಳದ ಹಾಗೆ, ಕರೆಂಟ್ ಮಾಡುವ ಬಾಯ್ಲರ್‌ಗಳು. ನಮ್ಮ ಕಂಪನಿಯಲ್ಲೂ ಬಾಯ್ಲರ್ ಹಿತ್ತಲಲ್ಲೇ ಇರುವುದು. ಕಂಬ ವಾಪಸ್ ನೆಟ್ಟೆ. ಎಲ್ಲ ಹೊರಳಿತು, ತಿರುಗಿತು, ಹರಿಯಿತು. ನನ್ನ ಕಣ್ಣಲ್ಲಿ ನೀರು!

ಆಮೇಲೆ ಆಫೀಸಿನ ಪದ್ಧತಿಯಂತೆ ಹಳೆಯ ನಕ್ಷೆಯನ್ನು ರದ್ದುಗೊಳಿಸಿದೆ. ಹೊಸ ನಕ್ಷೆ ಬಂದ ಮೇಲೆ ಹಳೆಯದು ಫ್ಲೋರಿನಲ್ಲಿ ಉಳಿದರೆ ಗೊಂದಲವಾಗುತ್ತದೆ ಎಂಬುದು ನಮ್ಮ ಡಿಪಾರ್ಟ್‌ಮೆಂಟಿನ ಕಟ್ಟುನಿಟ್ಟಿನ ನಿಯಮ. ಶಶಿ ಸೇವ್ ಮಾಡಿಟ್ಟಿದ್ದ ಹಳೆಯ ಫೈಲುಗಳನ್ನು ಒಂದೂ ಬಿಡದೆ ಅಳಿಸಿ, ನನ್ನದನ್ನು ಸೇವ್ ಮಾಡಿದೆ. ಪಾಯಸ ಕುಡಿದೆ. ಫ್ಯಾನಿನ ಕೆಳಗೆ ಸೋಫಾದ ಮೇಲೆ ಒರಗಿದೆ.

ಎಂಥ ಕನಸು ಬಿತ್ತು! ಡೊಂಬಿವಲಿ ಸ್ಟೇಷನ್ನಿನ ಸೇತುವೆಯೇ ಒಂದು ಅಗಲವಾದ ಬೆಲ್ಟ್ ಆಗಿತ್ತು. ಜನ ಅದರ ಮೇಲೆ ಸಾಲಾಗಿ ನಿಂತು, ಯಾರಿಗೂ ಯಾರ ಮೊಣಕೈಯೂ ತಾಗದೆ, ಪೇಪರ್ ಓದುತ್ತಾ ಸಾಗುತ್ತಿದ್ದರು. ಟಿಟ್ವಾಳಾದ ಲೋಕಲ್ ಗಾಡಿಯಲ್ಲಿ ಎಲ್ಲರಿಗೂ ಕಿಟಕಿ ಪಕ್ಕದ ಸೀಟು. ಬಿಸಿಲು ಹಳದಿಯಾಗಿ, ನಿಧಾನವಾಗಿ, ಅದೂ ಒಂದು ಬೆಲ್ಟಿನ ಮೇಲೆ ಕೂತು ಬರುತ್ತಿತ್ತು. ದೂರದಲ್ಲಿ ಪುಣೆಯಿಂದ ಒಂದು ನೇರ ರಸ್ತೆ. ಅದರ ಮೇಲೆ ನನ್ನ ಮಗಳು ನಿಂತಲ್ಲೇ ನಿಂತು, ನಡೆಯದೆಯೇ, ನಮ್ಮ ಮನೆಯ ಬಾಗಿಲಿಗೆ ತೇಲಿ ಬರುತ್ತಿದ್ದಳು. ನಾನು ಕೈ ಚಾಚಿದೆ.

ಬಾಗಿಲು ದಬದಬ ಬಡಿದ ಸದ್ದಾಯಿತು. ನಮ್ಮ ಕಾಲಿಂಗ್ ಬೆಲ್ ಕೆಟ್ಟು ವಾರವಾಗಿತ್ತು. ಅದನ್ನು ರಿಪೇರಿ ಮಾಡಲು ಕಳವಾ ಸ್ಟೇಷನ್ನಿನ ಕಡೆಯಿಂದ ಬಸವರಾಜ ಬಂದಿದ್ದ. ವಿಜಯಪುರದ ಕಡೆಯವನು, ನಮ್ಮ ಬಿಲ್ಡಿಂಗಿನ ಎಲೆಕ್ಟ್ರಿಷಿಯನ್ ಕೆಲಸವೆಲ್ಲ ಅವನದೇ. ಒಳಗೆ ಬಂದವನು ಕಂಪ್ಯೂಟರಿನ ಪರದೆ ನೋಡಿ ನಿಂತ.

"ಇದೇನ್ರಿ ಸರ, ಎಲ್ಲಾ ಸತ್ತು ಬಿದ್ದಂಗ ಐತಲ್ರಿ?"

ತಿರುಗಿ ನೋಡಿದೆ. ಕಾರ್ಖಾನೆ ಕತ್ತಲು. ನನ್ನ ನೇರ ರಸ್ತೆಯ ಮೇಲೆ ಮಾಲು ನಿಂತಲ್ಲೇ ನಿಂತಿತ್ತು. ಕಂಬ ಇದೆ, ತಂತಿ ಇದೆ, ಕರೆಂಟ್ ಇಲ್ಲ! ನಾನು ಮೌಸನ್ನು ಅಲ್ಲಿ ಇಲ್ಲಿ ಒತ್ತಿದೆ. ಬಸವರಾಜ ಸ್ಕ್ರೂಡ್ರೈವರ್ ಜೇಬಿಗಿಟ್ಟುಕೊಂಡು ಬಗ್ಗಿ ನೋಡಿದ.

"ಸರ, ಈ ಬಾಯ್ಲರಿಗೆ ಕಲ್ಲಿದ್ದಲಿ ಯಾರು ಹಾಕ್ತಾರ?"

"ಈ ಯಂತ್ರದ ಕೈಗಳು."

"ಕೈ ಹೆಂಗ ನಡೀತಾವ?"

"ಕರೆಂಟಿನಿಂದ."

"ಕರೆಂಟ್ ಎಲ್ಲಿಂದ ಬರತೈತಿ?"

"ಬಾಯ್ಲರಿನಿಂದ," ಎಂದೆ. ಹೇಳುತ್ತಾ ಹೇಳುತ್ತಾ ನನ್ನ ಸ್ವರ ಸಣ್ಣದಾಯಿತು.

"ಹಂಗಾರ ಮುಗೀತ್ರಿ," ಎಂದು ಹೇಳಿ ಅವನು ಕಾಲಿಂಗ್ ಬೆಲ್ಲಿನ ಕಡೆಗೆ ಹೋದ. ಐದು ನಿಮಿಷದಲ್ಲಿ ಬೆಲ್ ರಿಪೇರಿಯಾಯಿತು. ಅದನ್ನು ಮೊದಲು ಒತ್ತಿದವಳು ಶಶಿ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೀರೆಯನ್ನೂ ಬದಲಾಯಿಸದೆ ಕುರ್ಚಿಯಲ್ಲಿ ಕೂತು ಪರದೆಯನ್ನೇ ನೋಡಿದಳು. "ನನ್ನ ಕಲ್ಲಿದ್ದಲಿನ ಬೆಲ್ಟ್ ಎಲ್ಲಿ?" ಎಂದು ಕೇಳಿದಳು.

"ಅದು ಸುಮ್ಮನೆ ಸುತ್ತು ಹಾಕ್ತಿತ್ತು ಅಂತ..."

"ಅದು ಮೊದಲು ಬಾಯ್ಲರಿಗೆ ಹೋಗಿ, ಮತ್ತೆ ಉಳಿದವಕ್ಕೆ ಹೋಗ್ತಿತ್ತು. ಒಲೆ ಉರಿದ್ರೆ ಅಲ್ವಾ ಅಡಿಗೆ ಆಗುದು? ನೀವು ಬಾಯ್ಲರನ್ನು ಕೊನೆಗೆ ಇಟ್ಟಿದ್ದೀರಿ. ಅಷ್ಟೂ ಕಲ್ಲಿದ್ದಲನ್ನು ಕುಲುಮೆಗಳೇ ತಿಂದು ಮುಗಿಸಿದ್ರೆ ಅಲ್ಲಿಗೆ ಎಂತ ಹೋಗ್ತದೆ?"

ಇಪ್ಪತ್ತೆರಡು ವರ್ಷದ ಪ್ಲಾನಿಂಗಿಗೆ ಹೊಳೆಯದ ಮಾತು. ಹಳೆಯ ಫೈಲುಗಳ ಗತಿ ಹೇಳಿದಾಗ ಶಶಿಯ ಕಣ್ಣು ತುಂಬಿತು. "ಅನಘಾ ಐದೂವರೆಗೆ ಬರ್ತಾಳೆ," ಎಂದಳು. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಐದೂವರೆಗೆ ಸರಿಯಾಗಿ ಮಗಳ ಫೋನ್. "ಮಮ್ಮಿ, ಯೇ ಕ್ಯಾ ಹುವಾ? ಅಪ್ನೀ ಫ್ಯಾಕ್ಟರಿ ಕಹಾಂ ಗಯೀ?"

"ನಿನ್ನ ಪಪ್ಪ ಆಯುಧಪೂಜೆ ಮಾಡಿದ್ರು," ಎಂದಳು ಶಶಿ.

ಆಮೇಲೆ ತಾಯಿ ಮಗಳು ಸಭೆ ನಡೆಸಿದರು. ಕಿತ್ತ ಬೆಲ್ಟ್‌ಗಳನ್ನೆಲ್ಲ ಮತ್ತೆ ಹಾಸಲು ಒಂದು ವಾರ ಬೇಕು. ಇರುವುದು ಒಂದೂವರೆ ಗಂಟೆ. ರಾಕೆಟ್ಟಿಗೆ ಬೇಕಾದ ಮಾಲು ಪೆಟ್ಟಿಗೆಗಳಲ್ಲಿ ಇದೆ, ಕೊರತೆಯಾಗಿರುವುದು ಕರೆಂಟ್ ಒಂದೇ. ಯಾರಾದರೂ ಬಾಯ್ಲರಿನ ಮುಂದೆ ನಿಂತು ಕೈಯಾರೆ ಕಲ್ಲಿದ್ದಲು ತುಂಬುತ್ತಾ ಇದ್ದರೆ ಆಗಬಹುದು.

"ಪಪ್ಪಾ ಕೋ ಬಿಠಾವೋ," ಎಂದಳು ಮಗಳು.

ನನ್ನ ಆಫೀಸ್ ಲ್ಯಾಪ್‌ಟಾಪಿಗೆ ಆಟ ಇಳಿಸಿ, ನನ್ನನ್ನು ಊಟದ ಮೇಜಿನ ಮುಂದೆ, ಶಶಿಗೆ ಬೆನ್ನು ಹಾಕಿ ಕೂರಿಸಲಾಯಿತು. ಗ್ರಹದ ಮೇಲೆ ಮೂರನೆಯ ಪುಟ್ಟ ಮನುಷ್ಯನಾಗಿ ನಾನು ಇಳಿದೆ. ಕೆಲಸ ಸರಳ. ಗಣಿಗೆ ಓಡಬೇಕು, ಕಲ್ಲಿದ್ದಲು ತುಂಬಿಕೊಳ್ಳಬೇಕು, ವಾಪಸ್ ಓಡಬೇಕು, ಇಪ್ಪತ್ತು ಬಾಯ್ಲರಿನ ಬಾಯಿಗೆ ಒಂದೊಂದು ಹಿಡಿ ಹಾಕಬೇಕು, ಮತ್ತೆ ಓಡಬೇಕು. ಗಣಿಯಿಂದ ಬಾಯ್ಲರಿಗೆ ಎಷ್ಟು ದೂರ! ಯಾವ ಮೂರ್ಖ ಇವನ್ನು ಹೀಗೆ ಕೊನೆಯಲ್ಲಿ ಇಟ್ಟನೋ ಎಂದು ಗೊಣಗಿದೆ. ಹಿಂದಿನಿಂದ ಶಶಿ ಕೆಮ್ಮಿದಳು.

ಆದರೆ ಓಡುತ್ತಾ ಓಡುತ್ತಾ ಏನೋ ಒಂಥರಾ ಆಯಿತು. ಬಾಯ್ಲರ್ ಗುಂಯ್ ಎನ್ನುತ್ತಿತ್ತು. ದೀಪಗಳು ಒಂದೊಂದಾಗಿ ಹತ್ತಿದವು. ನನ್ನ ಬೆನ್ನ ಹಿಂದೆ ತಾಯಿ ಮಗಳು ಮಾತಾಡುತ್ತಿದ್ದರು, ನಗುತ್ತಿದ್ದರು. ಅನಘಾ ಇಲ್ಲೇ ಒಳಗಿನ ಕೋಣೆಯಲ್ಲಿದ್ದಾಳೆ ಅನ್ನಿಸಿತು. ಕಿಟಕಿಯಲ್ಲಿ ಸಂಜೆಯ ಬಿಸಿಲು, ಊದುಬತ್ತಿಯ ಪರಿಮಳ. ನನಗೆ ಅಷ್ಟು ಸುಖ ಮುಚ್ಚಳದ ಕಂಪನಿಯಲ್ಲಿ ಒಂದು ದಿನವೂ ಸಿಕ್ಕಿರಲಿಲ್ಲ.

ಆರೂ ಮುಕ್ಕಾಲು. "ಬಾಗಿಲು ತೆರೀತಾ ಉಂಟು!" ಎಂದು ಶಶಿ ಕೂಗಿದಳು. ನನ್ನಿಂದ ತಡೆಯಲಾಗಲಿಲ್ಲ. ತಿರುಗಿ ನೋಡಿದೆ. ಒಂದೇ ಕ್ಷಣ! ದೀಪಗಳು ಮಂಕಾದವು. ರಾಕೆಟ್ಟಿನ ಬಾಗಿಲು ಅರ್ಧಕ್ಕೇ ನಿಂತಿತು.

"ಪಪ್ಪಾ, ಕೋಯ್ಲಾ!" ಎಂದು ಫೋನಿನಿಂದ ಕಿರುಚಾಟ.

"ನೀವು ನೋಡ್ಬೇಡಿ! ಹಾಕ್ತಾ ಇರಿ!" ಎಂದಳು ಶಶಿ.

ಹಾಕಿದೆ. ತಲೆ ಎತ್ತದೆ ಹಾಕಿದೆ. ಹಿಂದೆ ಏನೋ ಗುಡುಗಿತು. ಪುಣೆಯಲ್ಲಿ ಮಗಳು ಚೀರಿದಳು. ಶಶಿ ಚಪ್ಪಾಳೆ ತಟ್ಟಿದಳು, ನಕ್ಕಳು, ಮೂಗು ಸೊರಸೊರ ಎಳೆದುಕೊಂಡಳು. "ಊಟ ಸರಿ ಮಾಡು, ಪರೀಕ್ಷೆ ಚೆನ್ನಾಗಿ ಬರಿ," ಎಂದದ್ದು ಕೇಳಿಸಿತು. ಕುರ್ಚಿ ಹಿಂದೆ ಸರಿದ ಸದ್ದಾಯಿತು. ನಾನು ಗಣಿಗೆ ಓಡಿದೆ, ವಾಪಸ್ ಬಂದೆ, ಹಾಕಿದೆ, ಮತ್ತೆ ಓಡಿದೆ.

ಸ್ವಲ್ಪ ಹೊತ್ತಿನ ಮೇಲೆ ಶಶಿ ಚಹಾದ ಲೋಟ ತಂದು ನನ್ನ ಪಕ್ಕದಲ್ಲಿಟ್ಟು ಪರದೆಗೆ ಬಗ್ಗಿದಳು.

"ಇನ್ನೂ ಹಾಕ್ತಾ ಇದ್ದೀರಾ? ರಾಕೆಟ್ ಹೋಗಿ ಕಾಲು ಗಂಟೆ ಆಯ್ತಲ್ಲ ಮಾರಾಯ್ರೆ!"

"ನನಗೆ ಯಾರೂ ನಿಲ್ಲಿಸಿ ಅಂತ ಹೇಳ್ಲಿಲ್ಲ," ಎಂದೆ.