ತಾಳೆಯಾದ ಮೂಗು

ಎಲ್ಲಕ್ಕೂ ಕಾರಣ ತುಳಜಾರಾಮನ ಮೂಗು.

ಹುಮನಾಬಾದಿನ ಬಸ್ ಸ್ಟ್ಯಾಂಡ್ ಎದುರು ಫೋಟೋ ಸ್ಟುಡಿಯೋ ಇಟ್ಟಿದ್ದ ಅವನು ಐದು ವರ್ಷಗಳಿಂದ ಊರವರ ಮೂಗುಗಳನ್ನೆಲ್ಲ ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡುತ್ತ ಬಂದಿದ್ದ. ತನ್ನ ಮೂಗಿನ ಮುಂದೆ ಮಾತ್ರ ಮೌಸು ಸೋತಿತ್ತು. ಏಳು ಸಂಬಂಧ ಆ ಮೂಗನ್ನು ನೋಡಿಯೇ ಮುರಿದಿದ್ದವು. ಎಂಟನೆಯದು ಬಸವಕಲ್ಯಾಣದ ಬಸವಣಪ್ಪನವರ ಮಗಳು ವಿಜಯಶ್ರೀ. ಅವಳ ಫೋಟೋ ಅವನ ಅಂಗಿ ಜೇಬಿನಲ್ಲೇ ಇತ್ತು. ಇವನ ಫೋಟೋ ಒಯ್ಯಲು ಅವಳ ಅಪ್ಪ ಇಂದು ನಾಲ್ಕು ಗಂಟೆಗೆ ಬರುವವರಿದ್ದರು.

ಬೆಳಿಗ್ಗೆ ಗುಲ್ಬರ್ಗಾದ ಕಂಪ್ಯೂಟರ್ ಅಂಗಡಿಯ ಸೇಲ್ಸ್‌ಮನ್ ಶರಣಕುಮಾರ ಎರಡು ಸಾಮಾನು ತಂದ. ಒಂದು ಬರೀ ಕರಿ ಹಲಗೆ. ಅದರ ಮೇಲೆ ಪೆನ್ನಾಡಿಸಿದರೆ ಗೆರೆ ಕಂಪ್ಯೂಟರಿನಲ್ಲಿ ಮೂಡುತ್ತಿತ್ತು. ಇನ್ನೊಂದಕ್ಕೆ ಮೈಯೆಲ್ಲ ಪರದೆ, ಫೋಟೋದ ಮೇಲೆಯೇ ಪೆನ್ನು ಓಡಿಸಬಹುದು.

"ಎರಡೂ ನಿಮ್ಮ ಫೋಟೋದ ಮ್ಯಾಲೆ ನೋಡ್ರಿ. ಸಂಜಿಗೆ ಒಂದು ಇಟ್ಕೋರಿ, ಇನ್ನೊಂದು ನಾ ಒಯ್ತೇನಿ."

ಹಲಗೆಯಲ್ಲಿ ತುಳಜಾರಾಮ ಕೈ ನೋಡಿದರೆ ಕಂಪ್ಯೂಟರಿನ ಗೆರೆ ತಪ್ಪಿತು, ಗೆರೆ ನೋಡಿದರೆ ಕೈ ತಪ್ಪಿತು. ಮೂಗು ಕಿವಿಯ ತನಕ ಹರಿಯಿತು.

"ಅಯ್ಯ ತುಳಜಾ, ಆನಿ ಫೋಟೋ ಯಾಕ ತಿದ್ದಾಕತ್ತೀಯೋ?" ಎಂದಳು ಪಕ್ಕದ ಬಳೆ ಅಂಗಡಿಯ ಶಕುಂತಲಾಬಾಯಿ, ಇಣುಕಿ ನೋಡಿ.

ಪರದೆಯದು ಮಾತ್ರ ಬೆಣ್ಣೆಯಲ್ಲಿ ಬೆರಳಾಡಿಸಿದಂತೆ. ಆದರೆ ಮೂಗನ್ನು ಯಾವ ಆಕಾರಕ್ಕೆ ತರುವುದು?

"ಈ ತಮ್ಮಂದು ಹ್ಯಾಂಗದ ನೋಡು, ಹಂಗ ಮಾಡು," ಎಂದು ಶಕುಂತಲಾಬಾಯಿ ಎದುರಿಗೆ ಕೂತ ಶರಣಕುಮಾರನನ್ನು ತೋರಿಸಿದಳು.

ಚಹಾ ತಂದ ಲಾಲ್ ಅಹ್ಮದ್‌ಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. "ಆ ಮೂಗಿಗೆ ಈ ಗದ್ದ ಒಪ್ಪಂಗಿಲ್ಲ ಭಾಯ್. ಗದ್ದನೂ ಅವರದೇ ತಗೋರಿ."

ಗದ್ದ ಬಂತು, ಅದರ ಹಿಂದೆ ಹಣೆ ಬಂತು, ಹಣೆಯ ಮೇಲೆ ದಟ್ಟ ಕೂದಲೂ ಬಂತು. ವ್ಯಾಪಾರ ಕುದುರಲಿ ಎಂದು ಶರಣಕುಮಾರನೂ ಅವರು ಹೇಳಿದ ಕಡೆಗೆಲ್ಲ ಮುಖ ತಿರುಗಿಸಿ ಕೂತ. ಪ್ರಿಂಟು ನೋಡಿ ತುಳಜಾರಾಮನಿಗೆ ಕಣ್ಣಲ್ಲಿ ನೀರೇ ಬಂತು. ಇಷ್ಟು ಚೆಂದ ಅವನು ಹುಟ್ಟಿದಾಗಲೂ ಇರಲಿಲ್ಲ.

"ಪರದಿದೇ ಇಟ್ಕೋತೇನ್ರಿ!"

ಅಷ್ಟರಲ್ಲಿ ಬಸವಣಪ್ಪನವರು ಒಳಗೆ ಬಂದರು. ಫೋಟೋ ಕೈಗೆ ತೆಗೆದುಕೊಂಡು ಕನ್ನಡಕ ಏರಿಸಿದರು.

"ಹ್ವಾದ ಸಲ ಫೋಟೋ ಒಬ್ಬಂದಿತ್ತು, ವರ ಬ್ಯಾರೆಯವ ಬಂದಿದ್ದ. ಮಾರಿ ತಾಳೆ ನೋಡಿಕೊಂಡೇ ಬರ್ರಿ ಅಂದಾಳ ನಮ್ಮನಿಯಾಕಿ."

ತುಳಜಾರಾಮನನ್ನು ನೋಡಿದರು, ಅಲ್ಲವೆಂದು ತಲೆಯಾಡಿಸಿದರು. ಶರಣಕುಮಾರನತ್ತ ತಿರುಗಿದವರ ಮುಖ ಅರಳಿತು. "ಬರೋಬ್ಬರಿ ಅದ! ಕೂದಲಾ ಸೈತ ತಾಳೆ ಆತು. ತುಳಜಾರಾಮ ಅಂದ್ರ ನೀವೇ ಅಲ್ರಿ?"

"ತುಳಜಾರಾಮ ನಾನ್ರಿ!"

"ಹಂಗಾದ್ರ ನಮಗ ಹೆಸರು ತಪ್ಪಿ ಹೇಳ್ಯಾರ. ಇರ್ಲಿ ಬಿಡ್ರಿ, ಹೆಸರು ತಿದ್ದಬಹುದು. ಮಾರಿ ತಿದ್ದಾಕ ಬರ್ತದೇನ್ರಿ?"

ಬರುತ್ತದೆ ಎಂದರೆ ಮೋಸ ಬಯಲಾಗುತ್ತದೆ, ಬರುವುದಿಲ್ಲ ಎಂದರೆ ಹುಡುಗಿ ಹೋಗುತ್ತಾಳೆ. ತುಳಜಾರಾಮ ಸಾಕ್ಷಿಗೆಂದು ಶಕುಂತಲಾಬಾಯಿಯ ಮುಖ ನೋಡಿದ. ಆಕೆಗೆ ಆಗಲೇ ಲಗ್ನದ ಬಳೆಗಳ ಸದ್ದು ಕೇಳಿಸಿತ್ತು.

"ಹುಡುಗ ಭಾಳ ಛಲೋ ಅದಾನ್ರಿ. ಮುಂಜಾನಿಂದ ನೋಡಾಕತ್ತೇನಿ."

"ನಂದಿನ್ನೂ ಲಗ್ನ ಆಗಿಲ್ರಿ," ಎಂದು ಶರಣಕುಮಾರ ನಾಚಿದ.

"ಹುಡುಗಿ ಫೋಟೋ ಕಳ್ಸಿದ್ವಲ್ಲ, ಅವರ ಕೈಗೆ ಕೊಡ್ರಿ," ಎಂದರು ಬಸವಣಪ್ಪನವರು. ತುಳಜಾರಾಮ ಜೇಬಿನ ಫೋಟೋ ತೆಗೆದು ಕೊಟ್ಟ.

ಶರಣಕುಮಾರ ಅದನ್ನು ಕಣ್ತುಂಬ ನೋಡಿ ಜೇಬಿಗಿಳಿಸಿದ. ಆಮೇಲೆ ಹಲಗೆಯನ್ನೂ ಪರದೆಯನ್ನೂ ಚೀಲಕ್ಕೆ ತುಂಬಿದ.

"ಲಗ್ನದ ಫೋಟೋ ಎಲ್ಲಾ ನೀವೇ ತೆಗೀಬೇಕ್ರಿ ಅಣ್ಣಾ. ನನ್ನ ಮಾರಿಗೆ ತಿದ್ದೋದೇನದ? ನಿಮಗ ಮೌಸೇ ಸಾಕು."